ಒಂದನೆತ್ತೆಯ ಅಕ್ಕೋರು

ಶಿಕ್ಷಕರ ತರಬೇತಿಗೆಂದು ಜಮಖಂಡಿಗೆ ಬಂದ ಮೊದಲ ವಾರವೇ ನಮಗೊಂದು ಬರವಣಿಗೆ ಕೊಟ್ಟರು: ‘ನನ್ನ ಮೆಚ್ಚಿನ ಗುರುಗಳು’. ಎಲ್ಲರೂ ಸರಸರ ಬರೆದೆವು. ಮಮತೆಯ ಮೂರ್ತಿ, ಶಿಸ್ತಿನ ಸಿಪಾಯಿ, ತಾಯಿಯಂಥ ಪ್ರೀತಿ. ಬೋಧಕರು ಎಲ್ಲ ಹಾಳೆಗಳನ್ನೂ ಓದಿ ಮರುದಿನ ಹಿಂದಕ್ಕೆ ಕೊಟ್ಟರು. “ಅವರು ಒಳ್ಳೇವ್ರಿದ್ರು ಅನ್ನೂದು ತಿಳೀತು. ಕ್ಲಾಸಿನ್ಯಾಗ ನಿಂತಾಗ ಅವರ ಕೈ ಏನ್ ಮಾಡ್ತಿತ್ತು, ಬಾಯಿ ಏನ್ ಅಂತಿತ್ತು, ಅಷ್ಟ ಬರ್ಕೊಂಡು ಬರ್ರಿ” ಅಂದರು. ಆ ರಾತ್ರಿ ಒಂದು ಪುಟ ತುಂಬುವುದೇ ಕಷ್ಟವಾಯಿತು.

ನಾನು ಬನಹಟ್ಟಿಯವನು. ಮನೆಯಲ್ಲಿ ಎರಡು ಪಾವರಲೂಮು. ಮಗ್ಗದ ಮನೆಯಲ್ಲಿ ಹುಟ್ಟಿದ ಮಗು ಮೆಲ್ಲಗೆ ಮಾತಾಡುವುದನ್ನು ಕಲಿಯುವುದಿಲ್ಲ. ಅವ್ವನನ್ನು ಊಟಕ್ಕೆ ಕೇಳಬೇಕಾದರೂ ಆ ಖಟಪಟದ ಮೇಲೆ ದನಿ ಏರಿಸಬೇಕು. ಹೀಗಾಗಿ ಒಂದನೆತ್ತೆಯಲ್ಲಿ ನಾವು ನಲವತ್ತು ಹುಡುಗರು ಕೂತರೆ ಸಾಲಿಯೇ ಒಂದು ಕಾರಖಾನೆ. ನಮ್ಮ ಅಕ್ಕೋರು ‘ಒದರಬ್ಯಾಡ್ರಿ’ ಎಂದು ಒಮ್ಮೆಯೂ ಗದರಲಿಲ್ಲ. ಗದ್ದಲ ಏರಿದಂತೆ ಅವರು ತಮ್ಮ ದನಿ ಇಳಿಸುತ್ತಿದ್ದರು. ಕಥೆಯ ನಟ್ಟನಡುವೆ, ನರಿ ಬಾವಿಗೆ ಬೀಳುವ ಹೊತ್ತಿಗೆ ಸರಿಯಾಗಿ, ಅವರ ಮಾತು ಪಿಸುಮಾತಾಗುತ್ತಿತ್ತು. ಮುಂದಿನ ಸಾಲಿನವರು ಹಿಂದೆ ತಿರುಗಿ ‘ಶ್ಶ್’ ಅನ್ನುವರು. ಕೊನೆಗೆ ಇಡೀ ಖೋಲಿ ಕಿವಿಯಾಗುತ್ತಿತ್ತು. ಹಾಳೆಯ ಮೇಲೆ ಇದನ್ನು ಬರೆದ ಮೇಲೆಯೇ ನನಗೆ ಹೊಳೆದದ್ದು: ಅದು ಅವರ ಸ್ವಭಾವವೆಂದು ನಾನು ಇಷ್ಟು ವರ್ಷ ತಿಳಿದಿದ್ದೆ, ಆದರೆ ಅದು ಅವರು ದಿನದಿನವೂ ಬೇಕೆಂದೇ ಮಾಡುತ್ತಿದ್ದ ಕೆಲಸವಾಗಿತ್ತು.

ಡ್ಯಾನ್ ಲಾರ್ಟಿ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1975ರಲ್ಲಿ ಶಿಕ್ಷಕರ ಕುರಿತು ಒಂದು ಪುಸ್ತಕ ಬರೆದರು. ಶಾಲೆ ಮುಗಿಸುವ ಹೊತ್ತಿಗೆ ಒಬ್ಬ ವಿದ್ಯಾರ್ಥಿ ಸುಮಾರು 13,000 ತಾಸು ಶಿಕ್ಷಕರ ಎದುರು ಕೂತಿರುತ್ತಾನೆಂಬುದು ಅವರ ಲೆಕ್ಕ. ಇನ್ನಾವ ಕಸುಬನ್ನೂ ನಾವು ಇಷ್ಟು ಹೊತ್ತು ನೋಡಿರುವುದಿಲ್ಲ. ಆದರೆ ನೋಡಿದ್ದು ಬೆಂಚಿನ ಕಡೆಯಿಂದ. ಗುರು ಏನು ಮಾಡಿದರೆಂಬುದು ಕಾಣುತ್ತದೆ, ಯಾಕೆ ಮಾಡಿದರೆಂಬುದು ಕಾಣುವುದಿಲ್ಲ. ನೇಯ್ಗೆಯಲ್ಲೂ ಹಾಗೇ. ಲಾಳಿ ಓಡುವುದನ್ನು ಹುಟ್ಟಿದಾಗಿನಿಂದ ನೋಡಿದ್ದರೂ, ಹರಿದ ಎಳೆಯನ್ನು ಸ್ವಂತ ಬೆರಳಲ್ಲಿ ಗಂಟು ಹಾಕುವತನಕ ನೇಕಾರನ ಕೈಯ ಬೆಲೆ ತಿಳಿಯದು.

ಆ ಗಂಟು ಹಾಕುವುದನ್ನು ಕಲಿಸುವ ಜಾಗವೇ ತರಬೇತಿ ಕಾಲೇಜು. ನಮ್ಮ ಭಾಗದಲ್ಲಿ ಹಿಂದೆ ಮುಲ್ಕಿ ಪರೀಕ್ಷೆ ಪಾಸಾದವರು ಮಾಸ್ತರರಾಗುತ್ತಿದ್ದರು. ತರಬೇತಿ ಎಂದರೆ ಧಾರವಾಡದ ಟ್ರೇನಿಂಗ್ ಕಾಲೇಜು. ಮುಂದೆ ಟಿ.ಸಿ.ಎಚ್. ಬಂತು, ಅದು ಡಿ.ಇಡಿ. ಆಯಿತು, ಈಗ ಡಿ.ಎಲ್.ಇಡಿ. ಪಿಯುಸಿ ಆದಮೇಲೆ ಎರಡು ವರ್ಷ. ಹೈಸ್ಕೂಲಿಗೆ ಬೇಕಾದ ಬಿ.ಇಡಿ. ಮೊದಲು ಒಂದೇ ವರ್ಷದ್ದಿತ್ತು, 2015ರಿಂದ ಅದೂ ಎರಡು ವರ್ಷ. ಹೆಸರುಗಳು ಬದಲಾದವು, ಒಳಗಿನ ಕೆಲಸದ ತಿರುಳು ಉಳಿದುಕೊಂಡಿದೆ.

ಸೂಕ್ಷ್ಮ ಬೋಧನೆಯನ್ನೇ ನೋಡಿ. 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪದ್ಧತಿ. ಗೆಳೆಯರೇ ಮಕ್ಕಳಾಗಿ ಎದುರು ಕೂಡುತ್ತಾರೆ. ಕೈಯಲ್ಲಿರುವುದು ಐದಾರು ನಿಮಿಷ, ತೋರಿಸಬೇಕಾದದ್ದು ಒಂದೇ ಕೌಶಲ. ಒಂದು ದಿನ ಪೀಠಿಕೆ ಹಾಕುವುದು, ಮತ್ತೊಂದು ದಿನ ಪ್ರಶ್ನೆ ಕೇಳುವುದು, ಇನ್ನೊಂದು ದಿನ ಬರೇ ಕಪ್ಪು ಹಲಗೆ. ಹಲಗೆಗೆ ಪೂರ್ತಿ ಬೆನ್ನು ಕೊಡದೆ, ಮಕ್ಕಳಿಗೆ ಅಡ್ಡವಾಗದೆ, ಸಾಲು ಕೆಳಗಿಳಿಯದಂತೆ ಬರೆಯುವುದು ಎಷ್ಟು ಕಠಿಣವೆಂದು ಖಡು ಹಿಡಿದಾಗಲೇ ಗೊತ್ತಾಗುವುದು. ಪಾಠ ಮುಗಿದ ಮೇಲೆ ಗೆಳೆಯರು ತಪ್ಪು ಹೇಳುತ್ತಾರೆ, ಅದನ್ನು ತಿದ್ದಿಕೊಂಡು ಮತ್ತೆ ಅದೇ ಪಾಠ.

ಮೆಚ್ಚಿನ ಗುರುಗಳ ಬಗ್ಗೆ ಎರಡನೇ ಸಲ ಬರೆದು ತಂದ ಆ ಹಾಳೆಗಳನ್ನು ಎಲ್ಲರೂ ಗಟ್ಟಿಯಾಗಿ ಓದಿದ ದಿನ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಬೀಳಗಿ ತಾಲ್ಲೂಕಿನ ಗೆಳತಿಯ ಊರು ಆಲಮಟ್ಟಿ ಹಿನ್ನೀರಿನಲ್ಲಿ ಹೋಗಿತ್ತು. ಅವಳು ಕಲಿತದ್ದು ಪುನರ್ವಸತಿ ಕೇಂದ್ರದ ತಗಡಿನ ಸಾಲಿಯಲ್ಲಿ. ಅಲ್ಲಿಯ ಮಾಸ್ತರರು ಒಂದು ದಿನ ಹುಡುಗರ ಕೈಗೆ ಖಡು ಕೊಟ್ಟು ನೆಲದ ಮೇಲೆ ಹಳೇ ಊರು ಬರೆಯಲು ಹೇಳಿದರಂತೆ. ಹಣಮಪ್ಪನ ಗುಡಿ ಎಲ್ಲಿ, ಬಾವಿ ಎಲ್ಲಿ, ಯಾರ ಮನೆ ಯಾವ ದಿಕ್ಕಿಗೆ. ಹುಡುಗರು ಜಗಳಾಡಿ, ಒರೆಸಿ, ಮತ್ತೆ ಬರೆದು ಊರನ್ನು ಮುಗಿಸಿದರು. ದಿಕ್ಕು, ನಕ್ಷೆ, ಅಂತರ ಎಲ್ಲವೂ ಅದರಲ್ಲೇ ಬಂತು. ಓದುತ್ತ ಓದುತ್ತ ಅವಳ ದನಿ ಕಟ್ಟಿತು. ಇಂಥ ಪಾಠವನ್ನು ಯಾವ ಕೈಪಿಡಿಯೂ ಹೇಳಿಕೊಡದು ಎಂದು ನಾನು ನಂಬಿದ್ದೇನೆ.

ನೆನಪಿನ ಗಂಟಿನಲ್ಲಿ ಬರೀ ಬಂಗಾರವೇ ಇರುವುದಿಲ್ಲ. ಮಗ್ಗಿ ತಪ್ಪಿದ್ದಕ್ಕೆ ನನ್ನ ಬೆರಳ ಗೆಣ್ಣಿನ ಮೇಲೆ ರೂಲುಪಟ್ಟಿ ಅಡ್ಡಹಿಡಿದು ಹೊಡೆದವರೂ ಇದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಕ್ಕಳಿಗೆ ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ ನಿಷೇಧಿಸಿದೆ. ಆದರೂ ಸಿಟ್ಟು ಬಂದಾಗ ಕೈ ಕಾಯ್ದೆಯನ್ನು ನೆನೆಯುವುದಿಲ್ಲ, ತಾನು ತಿಂದ ಏಟನ್ನು ನೆನೆಯುತ್ತದೆ. ಮೆಚ್ಚಿನ ಗುರುವನ್ನು ನೆನೆಸಿಕೊಳ್ಳುವುದರ ಜೊತೆಗೆ ಹೊಡೆದವರನ್ನೂ ಗುರುತಿಟ್ಟು ಬೇರೆ ತೆಗೆದಿಡಬೇಕು. ಇಲ್ಲದಿದ್ದರೆ ಅವರೂ ನಮ್ಮೊಳಗೆ ನಿಂತು ಪಾಠ ಮಾಡುತ್ತಾರೆ.

ಅಭ್ಯಾಸ ಪಾಠಕ್ಕೆ ನನಗೆ ಸಿಕ್ಕದ್ದು ಮುಧೋಳದ ಒಂದು ಶಾಲೆ. ಅದು ರನ್ನನ ಊರು. ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿದ ಹುಡುಗ ವಿದ್ಯೆಯ ಹಂಬಲದಿಂದ ದೂರದ ಗಂಗರ ನಾಡಿಗೆ ಹೋಗಿ ಅಜಿತಸೇನಾಚಾರ್ಯರಲ್ಲಿ ಕಲಿತು ಕವಿಚಕ್ರವರ್ತಿಯಾದ. ಅದನ್ನೇ ಪಾಠ ಮಾಡಿಕೊಂಡೆ. ಹಿಂದಿನ ಬೆಂಚಿನಲ್ಲಿ ವೀಕ್ಷಕ ಗುರುಗಳು ನನ್ನ ಪಾಠ ಟಿಪ್ಪಣಿ ಹಿಡಿದು ಕೂತಿದ್ದರು. ‘ಬಳೆಗಾರ’ ಎಂದದ್ದೇ ತಡ, ಒಬ್ಬ ಹುಡುಗಿ ಎದ್ದು “ನಮ್ಮವ್ವನೂ ಬಳಿ ಮಾರ್ತಾಳ್ರೀ ಸರ” ಅಂದಳು. ಎಲ್ಲರೂ ತಮ್ಮ ತಮ್ಮ ಮನೆಯ ಕಸುಬು ಹೇಳಲು ಎದ್ದರು. ಗದ್ದಲ. ನನ್ನ ಮಗ್ಗದ ದನಿ ಗಂಟಲಿಗೆ ಬಂದೇಬಿಟ್ಟಿತು, ಒಂದು ಸಲ ಒದರಿಯೂ ಬಿಟ್ಟೆ. ಹುಡುಗರು ಅದಕ್ಕಿಂತ ಜೋರಾದರು. ಆಗ ದನಿ ಇಳಿಸಿದೆ. ಹುಡುಗ ಮನೆ ಬಿಟ್ಟು ಹೊರಟದ್ದನ್ನು, ದಾರಿಯ ಬುತ್ತಿ ಮುಗಿದಿರಬಹುದಾದ್ದನ್ನು ಪಿಸುದನಿಯಲ್ಲಿ ಹೇಳತೊಡಗಿದೆ. ಮುಂದಿನ ಸಾಲಿನಿಂದ ‘ಶ್ಶ್’ ಕೇಳಿತು.

“ಅವರವ್ವ ಹೋಗಬ್ಯಾಡ ಅನ್ನಲಿಲ್ಲೇನ್ರಿ?” ಬಳೆಗಾರರ ಹುಡುಗಿಯೇ ಕೇಳಿದಳು, ಅವಳೂ ಪಿಸುದನಿಯಲ್ಲೇ.

ಟಿಪ್ಪಣಿ ಪುಸ್ತಕ ಕೈಗೆ ಬಂದಾಗ ಅಂಚಿನಲ್ಲಿ ಕೆಂಪು ಮಸಿಯಲ್ಲಿ ಬರೆದಿತ್ತು: ‘ದನಿ ಇಳಿಸಿದ್ದು ಚಲೋ ಆಯಿತು. ಎಲ್ಲಿ ಕಲಿತಿರಿ?’ ಅದರ ಕೆಳಗೆ ನಾನು ಬರೆದೆ: ‘ಒಂದನೆತ್ತೆ, ಬನಹಟ್ಟಿ.’