ಚಿಗರಿಗೆ ಹೆಚ್ಚು ಕೊಟ್ಟವರು ಯಾರು: ನಾನೋ, ನಮ್ಮ ಕಾಕಾನೋ?

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಗ ನಾನೊಂದು ವನ್ಯಜೀವಿ ಸಂಸ್ಥೆಯ ಸದಸ್ಯನಾಗಿದ್ದೆ. ತಿಂಗಳಿಗೆ 500 ರೂಪಾಯಿ ಖಾತೆಯಿಂದ ತಾನಾಗಿಯೇ ಹೋಗುತ್ತಿತ್ತು. ವರ್ಷದ ಕೊನೆಗೆ 80ಜಿ ರಸೀದಿ, ಜೊತೆಗೊಂದು ಕ್ಯಾಲೆಂಡರ್. ಆಮೇಲೆ ಪತ್ರಿಕೋದ್ಯಮಕ್ಕೆ ಬಂದೆ, ಸಂಬಳ ಅರ್ಧವಾಯಿತು. ಮೊದಲು ನಿಲ್ಲಿಸಿದ ಖರ್ಚು ಅದೇ. ಒಟಿಟಿ ಚಂದಾ ಮಾತ್ರ ಹಾಗೇ ಉಳೀತು.

ಇದನ್ನು ರಾಣೇಬೆನ್ನೂರಿನ ಕಾಕಾನ ಮುಂದೆ ಹೇಳಿ ಪೇಚಾಡಿಕೊಂಡೆ. ಅವರ ಹೊಲ ಕೃಷ್ಣಮೃಗ ಅಭಯಾರಣ್ಯದ ಹತ್ತಿರ. ನಕ್ಕುಬಿಟ್ಟರು: “ನೀ ರೊಕ್ಕಾ ಕೊಟ್ಟಿ, ರಸೀದಿ ಬಂತು. ನಾ ವರ್ಷಾ ಚಿಗರಿಗೆ ಗೊಂಜಾಳದ ಕುಡಿ ಕೊಡ್ತೀನಿ. ನನಗ ಯಾರು ರಸೀದಿ ಕೊಡ್ತಾರೋ ತಮ್ಮಾ?”

ಹಾಗಾದರೆ ನಾನು ಕೊಡುತ್ತಿದ್ದದ್ದು ಯಾಕೆ? ಚಿಗರಿ ಉಳಿಯಬೇಕು ಅನ್ನುವುದಷ್ಟೇ ಆಸೆಯಾಗಿದ್ದರೆ, ಸರ್ಕಾರ ಅದಕ್ಕೆ ಹೆಚ್ಚು ಹಣ ಕೊಟ್ಟಾಗ ನಾನು ಅಷ್ಟೇ ಕಡಿಮೆ ಕೊಡಬೇಕಿತ್ತು. ಜನ ಹಾಗೆ ಲೆಕ್ಕ ಹಾಕಿ ಕೊಡೋದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜೇಮ್ಸ್ ಆಂಡ್ರಿಯೋನಿ 1990ರಲ್ಲಿ ಇದಕ್ಕೆ ‘ವಾರ್ಮ್ ಗ್ಲೋ’ ಅಂತ ವಿವರಣೆ ಕೊಟ್ಟರು. ಕೊಟ್ಟದ್ದು ಏನು ಮಾಡಿತು ಅನ್ನುವುದರ ಜೊತೆಗೆ, ‘ನಾನು ಕೊಟ್ಟೆ’ ಅನ್ನುವ ಬೆಚ್ಚನೆಯ ಸುಖವೂ ನಮಗೆ ಬೇಕು. 500 ರೂಪಾಯಿಗೆ ನಾನು ಕೊಂಡದ್ದು ಅದನ್ನೇ.

ಎರಡನೆಯದು ಹೆಸರು. ಬ್ಯಾಡಗಿಯ ನಮ್ಮ ಓಣಿಯ ಗುಡಿಯಲ್ಲಿ ಫ್ಯಾನಿನ ರೆಕ್ಕೆ ಮೇಲೂ ದಾನಿಯ ಹೆಸರಿದೆ. ನಗಬಹುದು, ಆದರೆ ಸೆಕೆಗಾಲದಲ್ಲಿ ಗಾಳಿ ಎಲ್ಲರಿಗೂ ಬರುತ್ತದೆ. ನಮ್ಮ ಹಳೆಯ ದಾನಶಾಸನಗಳಲ್ಲೂ ದಾನಿಯ ಹೆಸರು ಇರುತ್ತದೆ. ಕೊನೆಗೆ, ದತ್ತಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪವೂ ಇರುತ್ತದೆ. ಕೆತ್ತಿಸಿದವರು ಮುಂದಿನವರ ಒಳ್ಳೆಯ ಮನಸ್ಸನ್ನು ನಂಬಿ ಕೂರಲಿಲ್ಲ. ವರ್ಷವರ್ಷ ಆದಾಯ ಬರುವಂತೆ ಭೂಮಿ ಬಿಟ್ಟರು, ಕಾವಲಿಗೆ ಹೆದರಿಕೆಯನ್ನೂ ಇಟ್ಟರು.

ಮೂರನೆಯದು ಗರಜು. ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ಒಂದು ಕೆಲಸ ಮಾಡಿದರು. ಸಾರ್ವಜನಿಕ ಭೂಮಿಯಲ್ಲಿ ನೆಟ್ಟಿದ್ದ ನೀಲಗಿರಿ ಸಸಿ ಕಿತ್ತು, ತಮಗೆ ಉಪಯೋಗವಾಗುವ ಗಿಡ ಹಚ್ಚಿದರು. ಅದೇ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ. ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಇಂಥ ಸುಮಾರು 75,000 ಎಕರೆ ಭೂಮಿ ಕೊಡುವ ಯೋಜನೆ ಅದಾಗಿತ್ತು. ದನಕ್ಕೆ ಮೇವು, ಒಲೆಗೆ ಸೌದೆ ಅಲ್ಲಿಂದಲೇ ಬರಬೇಕಿದ್ದವರಿಗೆ ಅದು ಬದುಕಿನ ಪ್ರಶ್ನೆ. ಅವರ ಜೊತೆ ಧಾರವಾಡದ ಸಮಾಜ ಪರಿವರ್ತನ ಸಮುದಾಯ ನಿಂತಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಕಾರಂತರ ದನವೇನೂ ಅಲ್ಲಿ ಮೇಯುತ್ತಿರಲಿಲ್ಲ. ಅವರದು ತತ್ವ, ಊರವರದು ಗರಜು. ಎರಡೂ ಸೇರಿದ್ದಕ್ಕೇ ಹೋರಾಟ ವರ್ಷಗಟ್ಟಲೆ ತಾಳಿತು. 1991ರಲ್ಲಿ ಕಂಪನಿ ಮುಚ್ಚುವ ತೀರ್ಮಾನವಾಯಿತು.

ಹೀಗಾಗಿ ‘ನಿನ್ನ ಉದ್ದೇಶ ಶುದ್ಧವೋ?’ ಅನ್ನುವ ಪ್ರಶ್ನೆಯೇ ನನಗೀಗ ದೊಡ್ಡದಲ್ಲ ಅನಿಸುತ್ತದೆ. ಒಳ್ಳೆಯ ಉದ್ದೇಶವೂ ಎಡವುತ್ತದೆ. 1974ರಲ್ಲಿ ಘೋಷಣೆಯಾದ ರಾಣೇಬೆನ್ನೂರು ಅಭಯಾರಣ್ಯ 119 ಚದರ ಕಿಲೋಮೀಟರ್ ಇದೆ. ಅದರ ದೊಡ್ಡ ಭಾಗದಲ್ಲಿ ನೀಲಗಿರಿ ನೆಡಲಾಯಿತು. ಚಿಗರಿಗೆ ಬೇಕಾದದ್ದು ಹುಲ್ಲುಗಾವಲು. ‘ಗಿಡ ನೆಡೋದು ಪುಣ್ಯ’ ಅನ್ನುವ ನಮ್ಮ ಬೆಚ್ಚನೆಯ ಭಾವನೆಗೆ ಹುಲ್ಲು ಕಾಣಿಸುವುದೇ ಇಲ್ಲ. ಬಯಲನ್ನು ನಾವು ಬರಡು ಅಂದುಕೊಳ್ಳುತ್ತೇವೆ.

ಕಾಕಾನ ಕೊಡುಗೆಯಂತೂ ದಾನವೇ ಅಲ್ಲ. ಯಾರೂ ಅವರನ್ನು ಕೇಳಿಲ್ಲ. ಬೆಳೆ ನಷ್ಟಕ್ಕೆ ಅರಣ್ಯ ಇಲಾಖೆಯ ಪರಿಹಾರ ಇದೆ, ನಿಜ. ಆದರೆ ಇದು ಆನೆ ಒಂದೇ ರಾತ್ರಿ ತೋಟ ತುಳಿದ ಹಾಗಲ್ಲ. ಚಿಗರಿ ಎಳೆ ಪೈರಿನ ಕುಡಿಯನ್ನು ದಿನಾ ಸ್ವಲ್ಪ ಸ್ವಲ್ಪ ತಿನ್ನುತ್ತದೆ, ಅದನ್ನು ಅಳೆಯೋದೇ ಕಷ್ಟ. ಆದರೂ ಕಾಕಾ ಸಹಿಸಿಕೊಂಡಿದ್ದಾರೆ. ಆ ಸಹನೆ ಮುಗಿದ ದಿನ ನನ್ನ ಕ್ಯಾಲೆಂಡರ್ ಚಿಗರಿಯನ್ನು ಉಳಿಸೋದಿಲ್ಲ.

ನಾನು ಮತ್ತೆ ಸದಸ್ಯನಾಗಬೇಕು ಅಂದುಕೊಂಡಿದ್ದೇನೆ. ಈ ಸಲವೂ ಸುಖಕ್ಕಾಗಿಯೇ ಇರಬಹುದು, ನಾಚಿಕೆಯೇನಿಲ್ಲ. ಆದರೆ ಹಣ ಕಳಿಸುವ ಮೊದಲು ಸಂಸ್ಥೆಗೆ ಒಂದು ಇಮೇಲ್ ಹಾಕಿದ್ದೇನೆ: ಅಂಚಿನ ಹೊಲದವರ ನಷ್ಟಕ್ಕೆ ನಿಮ್ಮ ಬಜೆಟ್ಟಿನಲ್ಲಿ ಎಷ್ಟು ಇಟ್ಟಿದ್ದೀರಿ? ನೀವೂ ಯಾವುದಾದರೂ ಸಂಸ್ಥೆಗೆ ಕೊಡುತ್ತಿದ್ದರೆ ಒಮ್ಮೆ ಕೇಳಿ ನೋಡಿ.