ಊಟಕ್ಕೂ ಮಾತಿಗೂ ಒಂದೇ ದಾರಿ



"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆ ನಮ್ಮ ತರಗತಿಯ ಮಕ್ಕಳಿಗೆಲ್ಲ ಗೊತ್ತು. ಆದರೆ ಊಟಕ್ಕೂ ಮಾತಿಗೂ ದುಡಿಯುವ ಸ್ನಾಯುಗಳು ಬಹುಮಟ್ಟಿಗೆ ಒಂದೇ ಎಂಬುದು ನನಗೆ ತಿಳಿದದ್ದು 2020ರ ಚಳಿಗಾಲದಲ್ಲಿ, ನಮ್ಮ ಮಾವನವರ ಕಾಯಿಲೆಯಿಂದ.

ಆ ವರ್ಷ ಏಪ್ರಿಲ್ ತಿಂಗಳಲ್ಲಿ ಶಿಕಾಗೋದ ಮೆಕಾರ್ಮಿಕ್ ಪ್ಲೇಸ್ ಮತ್ತು ಡೆಟ್ರಾಯಿಟ್‌ನ ಟಿಸಿಎಫ್ ಸೆಂಟರ್ (ಈಗಿನ ಹಂಟಿಂಗ್ಟನ್ ಪ್ಲೇಸ್) ತಾತ್ಕಾಲಿಕ ಕೋವಿಡ್ ಆಸ್ಪತ್ರೆಗಳಾದದ್ದು ನಿಮಗೆ ನೆನಪಿರಬಹುದು. ನವೆಂಬರಿನಲ್ಲಿ, ಶಿವಮೊಗ್ಗದಿಂದ ಬಂದು ನಮ್ಮೊಡನಿದ್ದ ಮಾವನವರಿಗೂ ಕೋವಿಡ್ ತಗುಲಿತು. ಎರಡು ವಾರ ವೆಂಟಿಲೇಟರ್ ಮೇಲಿದ್ದು, ದೇವರ ದಯೆಯಿಂದ ಉಳಿದು ಮನೆಗೆ ಬಂದರು. ಇನ್ನೇನು ಎಲ್ಲ ಮುಗಿಯಿತು ಎಂದುಕೊಂಡೆವು. ಆದರೆ ಅವರಿಗೆ ಲೋಟ ಎತ್ತುವ ಶಕ್ತಿಯೂ ಇರಲಿಲ್ಲ. ನೀರು ಕುಡಿದರೆ ಕೆಮ್ಮು ಬರುತ್ತಿತ್ತು.

ಹೀಗೇಕೆ ಆಗುತ್ತದೆ? ತೀವ್ರ ಸೋಂಕಿನಲ್ಲಿ ದೇಹವು ತನ್ನ ಸ್ನಾಯುಗಳಲ್ಲಿರುವ ಪ್ರೋಟೀನನ್ನೇ ಒಡೆದು ಬಳಸಿಕೊಳ್ಳುತ್ತದೆ. ಜೊತೆಗೆ ಅಲುಗಾಡದೆ ಮಲಗಿರುವುದರಿಂದ ಸ್ನಾಯುಗಳು ಇನ್ನಷ್ಟು ಸೊರಗುತ್ತವೆ. ಲಂಡನ್ನಿನ ವೈದ್ಯರು ತೀವ್ರ ನಿಗಾ ಘಟಕದ 63 ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೊಡೆಯ ಸ್ನಾಯು 10 ದಿನಗಳಲ್ಲೇ ಸರಾಸರಿ ಶೇಕಡಾ 17ಕ್ಕಿಂತ ಹೆಚ್ಚು ಕುಗ್ಗಿತ್ತು. ಕೈಕಾಲು ಸೊರಗಿದ್ದು ನಮ್ಮ ಕಣ್ಣಿಗೆ ಕಾಣುತ್ತದೆ. ಗಂಟಲು ಸೊರಗಿದ್ದು ಕಾಣುವುದಿಲ್ಲ. ವೆಂಟಿಲೇಟರಿನ ಕೊಳವೆ ಧ್ವನಿತಂತುಗಳ ನಡುವೆಯೇ ಹಾದುಹೋಗುವುದರಿಂದ ಅಲ್ಲಿ ನೋವು, ಊತ ಆಗಬಹುದು, ಸ್ಪರ್ಶಜ್ಞಾನವೂ ಮಂದವಾಗಬಹುದು.

ಈಗ ನಮ್ಮ ವರ್ಣಮಾಲೆಯನ್ನು ನೆನೆಸಿಕೊಳ್ಳಿ. ಕ ಹುಟ್ಟುವುದು ಕಂಠದಲ್ಲಿ, ಚ ಮತ್ತು ಟ ಅಂಗಳದಲ್ಲಿ, ತ ಹಲ್ಲಿನಲ್ಲಿ, ಪ ತುಟಿಯಲ್ಲಿ. ತುತ್ತು ಇದೇ ದಾರಿಯಲ್ಲಿ ಹಿಂದುಮುಂದಾಗಿ ಸಾಗುತ್ತದೆ: ತುಟಿ ಮುಚ್ಚುತ್ತದೆ, ಹಲ್ಲು ಅಗಿಯುತ್ತದೆ, ನಾಲಿಗೆ ಅದನ್ನು ಅಂಗಳಕ್ಕೆ ಒತ್ತಿ ಗಂಟಲಿಗೆ ತಳ್ಳುತ್ತದೆ. ಆ ಕ್ಷಣದಲ್ಲಿ ಧ್ವನಿಪೆಟ್ಟಿಗೆ ಮೇಲೇರಿ, ಒಂದು ಪುಟ್ಟ ಮುಚ್ಚಳ ಶ್ವಾಸನಾಳದ ಬಾಯಿಯನ್ನು ಮುಚ್ಚುತ್ತದೆ. ಇಷ್ಟೆಲ್ಲ ಮುಗಿಯುವುದು ಒಂದೆರಡು ಸೆಕೆಂಡುಗಳಲ್ಲಿ. ಸ್ನಾಯು ಸೋತಿದ್ದರೆ ಮುಚ್ಚಳ ತಡವಾಗುತ್ತದೆ, ತುತ್ತು ಅಥವಾ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ಇದನ್ನೇ ನಾವು "ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು" ಎಂದು ತಲೆ ತಟ್ಟಿ ಸುಮ್ಮನಾಗುತ್ತೇವೆ. ಆರೋಗ್ಯವಂತರಿಗೆ ಅದು ಸರಿ. ಸೊರಗಿದವರಿಗೆ ಕೆಲವೊಮ್ಮೆ ಕೆಮ್ಮೂ ಬರದೆ ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ಮಾತಿನ ಚಿಕಿತ್ಸಕರೇ ನುಂಗುವುದನ್ನೂ ಕಲಿಸುವುದು ಇದೇ ಕಾರಣಕ್ಕೆ. ಈ ವಿದ್ಯೆ ಬೆಳೆದದ್ದರಲ್ಲಿ ನಮ್ಮ ಊರಿನ ಪಾಲು ದೊಡ್ಡದು. ಇವಾನ್‌ಸ್ಟನ್ನಿನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಜೆರಿ ಲೋಗೆಮನ್ (1942–2014), ಬೇರಿಯಂ ಬೆರೆಸಿದ ಆಹಾರವನ್ನು ರೋಗಿ ನುಂಗುವಾಗ ಎಕ್ಸ್‌ರೇ ಚಲನಚಿತ್ರದಲ್ಲಿ ನೋಡುವ ಪರೀಕ್ಷೆಯನ್ನು ರೂಢಿಗೆ ತಂದವರಲ್ಲಿ ಪ್ರಮುಖರು. 1983ರಲ್ಲಿ ಬಂದ ಅವರ ಪುಸ್ತಕ ಈ ಕ್ಷೇತ್ರದ ಮುಖ್ಯ ಪಠ್ಯವಾಯಿತು.

ಅಂಥದೇ ಪರೀಕ್ಷೆ ಮಾವನವರಿಗೂ ಆಯಿತು. ನೀರು, ತಿಳಿಸಾರಿನಂಥ ತೆಳು ಪದಾರ್ಥ ಬೇಗ ಜಾರುವುದರಿಂದ ಅವೇ ಅವರಿಗೆ ಅಪಾಯ, ಎಲ್ಲವೂ ಗಂಜಿಯಂತೆ ಗಟ್ಟಿಯಾಗಿರಬೇಕು ಎಂದರು. ತಿಳಿಸಾರು ಮಾಡಿಕೊಂಡು ಕಾದಿದ್ದ ಅತ್ತೆಯವರು, "ಗಂಟಲಿಗೆ ಗುಟುಕು ನೀರೂ ಬೇಡ ಅಂದ್ರೆ ಹೇಗಮ್ಮಾ?" ಎಂದು ಕಣ್ಣೀರು ಹಾಕಿದರು. "ಇನ್ನೊಂದು ತುತ್ತು" ಎಂದು ಬಲವಂತ ಮಾಡುವುದೇ ನಮ್ಮಲ್ಲಿ ಪ್ರೀತಿ. ಆ ದಿನಗಳಲ್ಲಿ ಬಲವಂತ ಮಾಡದಿರುವುದೇ ಪ್ರೀತಿ ಎಂದು ನಾವು ಕಲಿತೆವು.

ಮನೆಯಲ್ಲಿ ಗಮನಿಸಬೇಕಾದದ್ದು ಇಷ್ಟು: ಕುಡಿಯುವಾಗ ಕೆಮ್ಮು, ನುಂಗಿದ ಮೇಲೆ ಗೊರಗೊರ ಧ್ವನಿ, ಕೆನ್ನೆಯಲ್ಲಿ ಉಳಿಯುವ ಅನ್ನ, ಮರಳಿ ಬರುವ ಜ್ವರ, ಇಳಿಯುವ ತೂಕ. ಇವು ಕಂಡರೆ ವೈದ್ಯರಿಗೆ ತಿಳಿಸಿ, ನುಂಗುವ ಪರೀಕ್ಷೆಯನ್ನು ಕೇಳಿ. ನೆಟ್ಟಗೆ ಕೂರಿಸಿ, ಸಣ್ಣ ತುತ್ತು ಕೊಡಿ, ಬಾಯಲ್ಲಿ ತುತ್ತಿರುವಾಗ ಮಾತನಾಡಿಸಬೇಡಿ. ಯಾವ ಆಹಾರ ಎಷ್ಟು ಗಟ್ಟಿಯಾಗಿರಬೇಕು ಎಂಬುದನ್ನು ತಜ್ಞರೇ ಹೇಳಲಿ, ಅದು ಒಬ್ಬೊಬ್ಬರಿಗೆ ಒಂದೊಂದು ಬಗೆ. ಸ್ನಾಯು ಮರಳಿ ಬೆಳೆಯಲು ಪ್ರೋಟೀನ್ ಇರುವ ಊಟವೂ ಬೇಕು, ದಿನವೂ ಸ್ವಲ್ಪ ವ್ಯಾಯಾಮವೂ ಬೇಕು.

ಚಿಕಿತ್ಸಕಿ ಮಾವನವರಿಗೆ ಹೇಳಿಕೊಟ್ಟ ಅಭ್ಯಾಸಗಳಲ್ಲಿ ನಾಲಿಗೆಯ ಬುಡವನ್ನು ಬಲವಾಗಿ ಎತ್ತಿ "ಕ" ಎನ್ನುವುದೂ ಒಂದು. ಆಗ ಅಕ್ಷರ ಕಲಿಯುತ್ತಿದ್ದ ನನ್ನ ಮಗಳು ಪುಸ್ತಕ ಹಿಡಿದು ಪಕ್ಕದಲ್ಲಿ ಕೂತಳು. ಅಜ್ಜ, ಮೊಮ್ಮಗಳು ಇಬ್ಬರೂ ದಿನಕ್ಕೆ ಮೂರು ಹೊತ್ತು ಕ ಖ ಗ ಘ ಹೇಳಿದರು. 2021ರ ಯುಗಾದಿಯ ದಿನ ಮಾವನವರು ಹಾಲಿನಲ್ಲಿ ನೆನೆಸಿದ ಅರ್ಧ ಹೋಳಿಗೆಯನ್ನು ನಿಧಾನವಾಗಿ, ಕೆಮ್ಮದೆ ತಿಂದರು. ಅಂದು ಅತ್ತೆಯವರು ಇನ್ನರ್ಧವನ್ನು ಬಡಿಸಲು ಹೋಗಿ, ತಾವಾಗಿಯೇ ಕೈ ಹಿಂದೆಗೆದುಕೊಂಡರು.

ಪ್ರತಿ ಚಳಿಗಾಲದಲ್ಲೂ ಫ್ಲೂ, ಕೋವಿಡ್, ಆರ್‌ಎಸ್‌ವಿ ಹಿರಿಯರನ್ನು ಆಸ್ಪತ್ರೆಗೆ ಸೇರಿಸುತ್ತಲೇ ಇವೆ. ಮಕ್ಕಳೇ, ನಿಮ್ಮ ಅಜ್ಜ ಅಜ್ಜಿ ಆಸ್ಪತ್ರೆಯಿಂದ ಮರಳಿದಾಗ ಅವರ ಊಟದ ಪಕ್ಕದಲ್ಲಿ ಕೂರಿ, ಅವಸರ ಮಾಡಬೇಡಿ. ಕೆಮ್ಮು ಕೇಳಿದರೆ ಅಮ್ಮನಿಗೆ ಹೇಳಿ. ಎಲ್ಲರಿಗೂ ಆರೋಗ್ಯ ಸಿಗಲಿ.