ರೋಗಾಣುವಿನ ವಂಶಾವಳಿ

ಊರಿಗೆ ಕಾಲರಾ ತಗುಲಿತೆಂದರೆ ನಮ್ಮ ಮುಂದೆ ಎರಡು ಪ್ರಶ್ನೆಗಳು ನಿಲ್ಲುತ್ತವೆ: ಅದು ಹರಡುತ್ತಿರುವುದು ಹೇಗೆ? ಬಂದದ್ದು ಎಲ್ಲಿಂದ? 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ, ಸತ್ತವರ ಮನೆಗಳಲ್ಲಿ ವಿಚಾರಿಸುತ್ತ ಹೋಗಿ, ಬ್ರಾಡ್ ಬೀದಿಯ ನೀರಿನ ಪಂಪಿನಿಂದ ರೋಗ ಹರಡುತ್ತಿದೆಯೆಂದು ತೋರಿಸಿಕೊಟ್ಟನು. ಇಂತಹ ವಿಚಾರಣೆ ಮೊದಲನೆಯ ಪ್ರಶ್ನೆಗೆ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಇಂದು ರೋಗಾಣುವೇ ಸಾಕ್ಷಿ ನುಡಿಯುತ್ತದೆ.

ಅದು ಹೇಗೆಂದು ನೋಡೋಣ. ಕಾಲರಾ ರೋಗಾಣುವಿನ ಡಿ.ಎನ್.ಎ.ಯನ್ನು ನಾಲ್ಕೇ ಅಕ್ಷರಗಳ ಲಿಪಿಯಲ್ಲಿರುವ, ಸುಮಾರು 40 ಲಕ್ಷ ಅಕ್ಷರಗಳಷ್ಟು ಉದ್ದದ ಬರಹವೆಂದು ಭಾವಿಸೋಣ. ಈ ಸಮಗ್ರ ಬರಹವೇ ಜೀನೋಮ್. ವಿಜ್ಞಾನಿಗಳು ಅದನ್ನು ಪೂರ್ಣವಾಗಿ ಓದಿ ಪ್ರಕಟಿಸಿದ್ದು 2000ದಲ್ಲಿ. ರೋಗಾಣು ಒಂದು ಎರಡಾಗುವಾಗ ಬರಹವೂ ನಕಲಾಗುತ್ತದೆ. ಅಪರೂಪಕ್ಕೆ ಒಂದಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ಸಂತತಿಗೂ ಇಳಿಯುತ್ತದೆ. ಎರಡು ಓಲೆಯ ಪ್ರತಿಗಳಲ್ಲಿ ಒಂದೇ ಬಗೆಯ ತಪ್ಪುಗಳು ಕಂಡರೆ, ಅವೆರಡರ ಮೂಲಪ್ರತಿ ಒಂದೇ ಎಂದು ಗ್ರಂಥಸಂಪಾದಕರು ಊಹಿಸುವುದಿಲ್ಲವೆ? ಇಲ್ಲಿಯೂ ಅದೇ ನ್ಯಾಯ.

ಈ ವಿದ್ಯೆಯ ಬೆಲೆ ಕೆರಿಬಿಯನ್ ಸಮುದ್ರದ ಹೈಟಿಯಲ್ಲಿ ಪ್ರಕಟವಾಯಿತು. 2010ರ ಜನವರಿಯ ಭೂಕಂಪದಿಂದ ನೊಂದಿದ್ದ ಆ ದೇಶದಲ್ಲಿ ಅಕ್ಟೋಬರಿನಲ್ಲಿ ಕಾಲರಾ ಕಾಣಿಸಿಕೊಂಡಿತು. ಹಿಂದಿನ ನೂರು ವರ್ಷಗಳಲ್ಲಿ ಅಲ್ಲಿ ಆ ರೋಗದ ದಾಖಲೆಯೇ ಇರಲಿಲ್ಲ. ರೋಗಾಣು ಅಲ್ಲಿಯ ನೀರಿನಲ್ಲಿಯೇ ಅಡಗಿದ್ದಿತೆಂದು ಕೆಲವರೆಂದರು; ವಿಶ್ವಸಂಸ್ಥೆಯ ಶಾಂತಿಪಾಲನೆಗಾಗಿ ಬಂದ ನೇಪಾಳದ ಸೈನಿಕರೊಡನೆ ಬಂದಿತೆಂದು ಮತ್ತೆ ಕೆಲವರು. ಆ ಸೈನಿಕರ ಶಿಬಿರವಿದ್ದುದು ಆರ್ಟಿಬೊನೀಟ್ ನದಿಯ ಉಪನದಿಯೊಂದರ ದಡದಲ್ಲಿ. 2011ರಲ್ಲಿ ನೇಪಾಳದ 24 ಮಾದರಿಗಳ ಜೀನೋಮುಗಳನ್ನು ಹೈಟಿಯವುಗಳೊಡನೆ ಹೋಲಿಸಿ ನೋಡಿದರು. ನೇಪಾಳದ ಮೂರಕ್ಕೂ ಹೈಟಿಯ ಮೂರಕ್ಕೂ ನಡುವೆ ಇದ್ದ ವ್ಯತ್ಯಾಸ ಒಂದೆರಡು ಅಕ್ಷರಗಳು ಮಾತ್ರ!

ಜೀನೋಮ್ ನೆಂಟಸ್ತನವನ್ನು ಹೇಳಬಲ್ಲದು. ರೋಗ ನೀರಿಗಿಳಿದ ಬಗೆಯನ್ನು ಹೇಳಲಾರದು. ಅದಕ್ಕೆ ಸ್ನೋನ ಹಳೆಯ ಮಾರ್ಗವೇ ಬೇಕು. ಶಿಬಿರದ ನೈರ್ಮಲ್ಯ ವ್ಯವಸ್ಥೆಯು ಉಪನದಿಗೆ ಮಲಿನ ಸೇರುವುದನ್ನು ತಡೆಯುವಂತಿರಲಿಲ್ಲವೆಂದು 2011ರಲ್ಲಿಯೇ ತಜ್ಞರ ಸಮಿತಿ ಕಂಡುಕೊಂಡಿತು. ಕಾಲರಾ ಇರುವ ದೇಶಗಳಿಂದ ಹೊರಡುವವರಿಗೆ ಮುಂಚೆಯೇ ಪರೀಕ್ಷೆ ಅಥವಾ ಔಷಧ, ಶಿಬಿರದಲ್ಲಿಯೇ ಮಲಿನದ ಶುದ್ಧೀಕರಣ: ಇವು ಸಮಿತಿಯ ಸಲಹೆಗಳು. 2016ರಲ್ಲಿ ವಿಶ್ವಸಂಸ್ಥೆ ಹೈಟಿಯ ಜನರ ಕ್ಷಮೆ ಕೇಳಿತು. ಅಷ್ಟರೊಳಗೆ 9,000ಕ್ಕೂ ಹೆಚ್ಚು ಜೀವಗಳು ಹೋಗಿದ್ದವು.

ಮೂರು ವರ್ಷಗಳಿಗೂ ಹೆಚ್ಚು ಕಾಲ ಮರೆಯಾಗಿದ್ದ ರೋಗ 2022ರಲ್ಲಿ ಹೈಟಿಯಲ್ಲಿ ಮರುಕಳಿಸಿದಾಗ, ಅದು 2010ರ ರೋಗಾಣುವಿನ ಸಂತತಿಯೇ ಎಂಬುದನ್ನು ಜೀನೋಮ್ ತೋರಿಸಿತು. ರೋಗದ ಮೂಲವನ್ನು ಅರಿಯುವುದು ಅರ್ಧ ಕೆಲಸ. ಪ್ರತಿಯೊಬ್ಬರಿಗೂ ಶುದ್ಧವಾದ ಕುಡಿಯುವ ನೀರನ್ನು ಒದಗಿಸುವುದು ಉಳಿದರ್ಧ.